ಕಡತ ಅಂದರೆ ಬಟ್ಟೆ: ಬಳ್ಳಾರಿ ಸೀಮೆಯ ದಾಖಲೆಗಳು ಎಲ್ಲೆಲ್ಲಿ ಹೋದವು

ಫೋನಿನಲ್ಲಿ ಪಹಣಿ ನೋಡಬೇಕಾದರೆ ಮೊದಲು ಜಿಲ್ಲೆ ಆರಿಸಬೇಕು. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಇಷ್ಟು ಮೆಟ್ಟಿಲು ಇಳಿದರೆ ಹೊಲ ಸಿಗುತ್ತದೆ. ಒಂದು ಮೆಟ್ಟಿಲು ತಪ್ಪಿದರೂ ಹೊಲ ಇದ್ದಲ್ಲೇ ಇರುತ್ತದೆ, ಕಾಗದ ಮಾತ್ರ ಸಿಗುವುದಿಲ್ಲ.

ಈ ಮೆಟ್ಟಿಲುಗಳನ್ನು ಕಂಪ್ಯೂಟರಿನವರು ಕಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಇದರಲ್ಲಿ ಕೆಲವು ಮೆಟ್ಟಿಲಿಗೆ ಇನ್ನೂರು ವರ್ಷ ದಾಟಿದೆ. ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ದಾಖಲೆಗಳು ಯಾರ ಕೈಯಲ್ಲಿದ್ದವು, ಯಾವ ಹೆಸರಿನಲ್ಲಿ ಎಲ್ಲಿಗೆ ಹೋದವು ಅಂತ ನಾವು ಕೆಲವು ತಿಂಗಳಿಂದ ಓದುತ್ತಿದ್ದೇವೆ. ಓದಿದ್ದರಲ್ಲಿ ನಿಮಗೆ ಉಪಯೋಗ ಆಗುವಷ್ಟನ್ನು ಇಲ್ಲಿ ಬರೆಯುತ್ತೇವೆ.

ಮೊದಲು ‘ಕಡತ’ ಅನ್ನೋ ಪದ. ಕಚೇರಿಯಲ್ಲಿ ‘ಕಡತ ಮೇಲಿನ ಟೇಬಲ್ಲಿಗೆ ಹೋಗಿದೆ’ ಅನ್ನುತ್ತಾರಲ್ಲ, ಅದೇ ಕಡತ. ಆ ಪದದ ಹಿಂದೆ ಇರುವುದು ಕಾಗದವಲ್ಲ, ಬಟ್ಟೆ. ಉದ್ದದ ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ, ಹಿಂದೆ ಮುಂದೆ ಮಡಚಿ ಪುಸ್ತಕದ ಹಾಗೆ ಮಾಡುತ್ತಿದ್ದರು. ಎರಡೂ ತುದಿಗೆ ಮರದ ಹಲಗೆ. ಬರೆಯುವುದು ಬಳಪದ ಕಲ್ಲಿನಿಂದ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದ ಪುಸ್ತಕದಲ್ಲಿ ಈ ಕಡತವನ್ನು ಚೆನ್ನಾಗಿ ವರ್ಣಿಸಿದ್ದಾನೆ. ಬಟ್ಟೆಯ ಅಗಲ ಎಂಟು ಇಂಚಿನಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ ಅಂತ ಅಳತೆ ಕೂಡ ಕೊಟ್ಟಿದ್ದಾನೆ. ಶೃಂಗೇರಿ ಮಠದ ಕಡತಗಳು ಈಗಲೂ ಉಳಿದಿವೆ. ಕಡತದ ಗುಣವೇನೆಂದರೆ, ಅಳಿಸಿ ಮತ್ತೆ ಬರೆಯಬಹುದು. ಅದೇ ಅದರ ಅಪಾಯವೂ ಹೌದು. ಹೆಸರು ಅಳಿಸಿ ಹೆಸರು ಬರೆಯುವ ಕಲೆ ನಮ್ಮಲ್ಲಿ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ.

ಅಳಿಸಲು ಬಾರದ ದಾಖಲೆ ಅಂದರೆ ಕಲ್ಲು. ಕುರುಗೋಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡು ಸಿಂದರ ರಾಜಧಾನಿ. ಬಳ್ಳಕುಂದೆ ನಾಡನ್ನು ಅವರು ಇಲ್ಲಿಂದ ಆಳುತ್ತಿದ್ದರು. ಆ ಕಾಲದ ದಾನ ಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ, ಪೂರ್ವಕ್ಕೆ ಇಂಥದ್ದು, ದಕ್ಷಿಣಕ್ಕೆ ಇಂಥ ಹಳ್ಳ ಅಂತ ಚೆಕ್ಕುಬಂದಿ ಬರೆದಿರುತ್ತಾರೆ. ಈಗಿನ ಕ್ರಯಪತ್ರದಲ್ಲೂ ಬರೆಯುವುದು ಅದನ್ನೇ. ಆದರೆ ಕಲ್ಲು ನಿಂತ ಜಾಗಕ್ಕೆ ಹೋದವನಿಗೆ ಮಾತ್ರ ಓದಲು ಸಿಗುತ್ತದೆ. ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆದು, ಅದಕ್ಕೆ ನಂಬರ್ ಹಾಕಿ, ಊರಿನ ಹೆಸರಿನ ಜೊತೆ ಅಚ್ಚು ಹಾಕಿದ ಮೇಲೆಯೇ ಅವು ಹುಡುಕಿದರೆ ಸಿಗುವ ದಾಖಲೆಯಾದವು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟದ ಮೊದಲ ಭಾಗ 1939ರಲ್ಲಿ ಬಂತು. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಕರು. ನಮ್ಮ ಜಿಲ್ಲೆಯ ಶಾಸನ ಅದರಲ್ಲಿ ರಾಶಿ ಇದೆ.

ಇನ್ನು ಹೊಲದ ಲೆಕ್ಕಕ್ಕೆ ಬರೋಣ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಅಂತ ಕರೆಯುವುದು ಇದನ್ನೇ. ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1807ರವರೆಗೆ ಇದ್ದ. ಪಾಳೆಗಾರರನ್ನು ಬದಿಗಿಟ್ಟು, ರೈತನ ಹೆಸರಿಗೇ ಕಂದಾಯ ಕಟ್ಟುವ ರೈತವಾರಿ ಪದ್ಧತಿಯನ್ನು ಇಲ್ಲಿ ತಂದ. ರೈತನ ಹೆಸರಿಗೆ ಕಂದಾಯ ಹಾಕಬೇಕಾದರೆ ರೈತನ ಹೊಲ ಎಷ್ಟು ಅಂತ ಗೊತ್ತಿರಬೇಕಲ್ಲ. ಅದಕ್ಕೆ ಅಳತೆ. ಒಂದೊಂದು ಹೊಲಕ್ಕೂ 33 ಅಡಿಯ ಸರಪಳಿ ಹಿಡಿಸಿದ. ಆ ಸರಪಳಿಯ ಒಂದು ಚೌಕ 1089 ಚದರಡಿ, ಅಂಥ 40 ಚೌಕಕ್ಕೆ ಒಂದು ಎಕರೆ. ಬೇರೆ ಜಿಲ್ಲೆಯವರು ಗುಂಟೆ ಅನ್ನುವುದು ಇದೇ ಅಳತೆಗೆ. ಮದ್ರಾಸಿನ ರೂಢಿಯಲ್ಲಿ ಬೆಳೆದ ನಾವು ಸೆಂಟ್ಸ್ ಅನ್ನುತ್ತೇವೆ, ಎಕರೆಗೆ 100. ದಾವಣಗೆರೆ ಕಡೆಯಿಂದ ಬಂದ ಬೀಗರ ಜೊತೆ ಹೊಲದ ಮಾತು ಬಂದಾಗ ಗೊಂದಲವಾಗುವುದು ಇದಕ್ಕೇ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್ ಅಂತ ನೆನಪಿಟ್ಟರೆ ಜಗಳವಿಲ್ಲ.

ಮನ್ರೋ ಹೋದ ಮೇಲೆ ಮೇಲಿನವರಿಗೆ ಬುದ್ಧಿ ತಿರುಗಿತು. ರೈತವಾರಿ ಬಿಟ್ಟು, ಇಡೀ ಊರನ್ನೇ ಗುತ್ತಿಗೆ ಕೊಡಲು ಶುರು ಮಾಡಿದರು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಊರಿನ ಒಟ್ಟು ಮೊತ್ತ ಬಂದರೆ ಸಾಕು, ಯಾರ ಹೊಲ ಯಾವುದು ಅನ್ನುವುದು ಸರ್ಕಾರಕ್ಕೆ ಬೇಡವಾಯಿತು. ಮುಂದೆ ಮನ್ರೋ ಮದ್ರಾಸಿನ ಗವರ್ನರ್ ಆದಾಗ ರೈತವಾರಿ ಮತ್ತೆ ಬಂತು, ಅವನ ಕಾಲದ ಹಳೆ ದರಗಳನ್ನು ಇಳಿಸಿ ಮತ್ತೆ ಬಳಸಿದರು. ಹಳೆ ಅಳತೆಯ ಲೆಕ್ಕ ಉಳಿದಿದ್ದರಿಂದ ತಾನೇ ಅದು ಸಾಧ್ಯವಾದದ್ದು? ಈ ಇಡೀ ಕಥೆಯಲ್ಲಿ ನಮಗೆ ಬಹಳ ಹಿಡಿಸಿದ ಭಾಗ ಇದು. ಮನ್ರೋನನ್ನು ಹೊಗಳುವವರು ಬಹಳ. ಆದರೆ ಆ ಲೆಕ್ಕ ಬರೆದವರು, ಕಾಯ್ದವರು ಊರಿನ ಕರಣಂಗಳು.

ಕರಣಂ ಅಂದರೆ ಆಗಿನ ಗ್ರಾಮ ಲೆಕ್ಕಿಗ. ಬೇರೆ ಕಡೆ ಶಾನುಭೋಗ ಅನ್ನುತ್ತಾರೆ. ಕೆಲಸ ವಂಶಪಾರಂಪರ್ಯ, ದಾಖಲೆ ಇರುವುದು ಅವರ ಮನೆಯಲ್ಲೇ. ತಾಳೆಗರಿಯ ಕಟ್ಟಿಗೆ ಕವಿಲೆ ಅಂತ ಹೆಸರು. ಆಮೇಲೆ ಕಾಗದ ಬಂತು, ಕಾಗದವನ್ನು ಬಟ್ಟೆಯ ರುಮಾಲಿನಲ್ಲಿ ಸುತ್ತಿ ಗಂಟು ಹಾಕಿ ಮೇಲೊಂದು ಚೀಟಿ ಸಿಕ್ಕಿಸುವ ರೂಢಿ ಬಂತು. ಕರಣಂಗೆ ಎಲ್ಲವೂ ಬಾಯಿಪಾಠ. ಅವನಿಗೆ ಪಟ್ಟಿ ಬೇಕಿರಲಿಲ್ಲ, ಪಟ್ಟಿ ಇಲ್ಲದ್ದರಿಂದ ಅವನಿಲ್ಲದೆ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಊರಿನಲ್ಲಿ ಅವನಿಗಿದ್ದ ಬಲವೆಲ್ಲ ಅಲ್ಲಿತ್ತು. ಓದು ಬಾರದವರು ಅವನ ಕಟ್ಟೆಯ ಮುಂದೆ ಕೈಕಟ್ಟಿ ನಿಂತಿದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ.

ಇದೇ ಕಾಲದಲ್ಲಿ ಕಾಲಿನ್ ಮೆಕೆಂಜಿ ಎಂಬ ಸರ್ವೆ ಅಧಿಕಾರಿ ತನ್ನ ಜನರನ್ನು ಊರೂರಿಗೆ ಕಳಿಸಿ ಕೈಫಿಯತ್ತು ಬರೆಸಿಕೊಂಡ. ಊರಿನ ಚರಿತ್ರೆ, ದೇವಸ್ಥಾನ, ಕೆರೆ, ಪಾಳೆಗಾರರ ವಂಶ, ಎಲ್ಲ. 1821ರಲ್ಲಿ ಅವನು ಸತ್ತಾಗ ಉಳಿದದ್ದು ದೊಡ್ಡ ರಾಶಿ. ಎಚ್.ಎಚ್. ವಿಲ್ಸನ್ ಅದಕ್ಕೆ ಪಟ್ಟಿ ಮಾಡಿ 1828ರಲ್ಲಿ ಅಚ್ಚು ಹಾಕಿಸಿದ. ಪಟ್ಟಿ ಬಂದದ್ದರಿಂದ ಆ ರಾಶಿ ಮುಂದಿನವರ ಕೈಗೆ ಸಿಕ್ಕಿತು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ಈಗ ಮುಖ್ಯ ಗೊಂದಲಕ್ಕೆ ಬರುತ್ತೇವೆ. ದಾಖಲೆ ಒಂದೇ ಜಾಗದಲ್ಲಿ ಕೂತಿದ್ದರೂ ಅದರ ವಿಳಾಸ ಬದಲಾಗುತ್ತಾ ಹೋಗಿದೆ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಬೇರೆಯಾಯಿತು. 1904ರ ಗೆಜೆಟಿಯರ್ ತೆಗೆದು ನೋಡಿ, ಜಿಲ್ಲೆಯಲ್ಲಿ ಎಂಟು ತಾಲ್ಲೂಕು: ಆದೋನಿ, ಆಲೂರು, ಬಳ್ಳಾರಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ, ಕೂಡ್ಲಿಗಿ, ರಾಯದುರ್ಗ. ಸಿರುಗುಪ್ಪ ಇಲ್ಲ! ಅದು ಆಗ ಬಳ್ಳಾರಿ ತಾಲ್ಲೂಕಿನ ಒಳಗೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಸಿರುಗುಪ್ಪದ ಗಡಿ ಊರುಗಳಲ್ಲಿ ಅಣ್ಣನ ಹೊಲ ಈ ರಾಜ್ಯ, ತಂಗಿಯ ಹೊಲ ಆ ರಾಜ್ಯ. ಮದ್ರಾಸ್ ಕಾಲದ ಜಿಲ್ಲಾ ಪತ್ರವ್ಯವಹಾರ ನೋಡಬೇಕೆಂದರೆ ಇವತ್ತಿಗೂ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು.

ಆಮೇಲೆ ಬಂದದ್ದು ಗ್ರಾಮಾಧಿಕಾರ ರದ್ದತಿ. 1961ರ ಕಾಯ್ದೆ, ಜಾರಿಯಾದದ್ದು 1963ರಲ್ಲಿ. ಕರಣಂ ಮನೆಯ ರುಮಾಲುಗಳು ಸರ್ಕಾರದ ಕೈಗೆ ಹೋಗಬೇಕಾಯಿತು. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಮೂನೆಯ ಪಹಣಿ ತಂದಿತು. ಅದರ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ.

ಕಂಪ್ಯೂಟರ್ ಬಂದದ್ದು ‘ಭೂಮಿ’ ಯೋಜನೆಯಿಂದ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ. 2000ದ ಆಸುಪಾಸಿನಲ್ಲಿ ರಾಜ್ಯದ ಎಲ್ಲ ತಾಲ್ಲೂಕಿಗೆ ಹಬ್ಬಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಆಗ 15 ರೂಪಾಯಿಗೆ ಪಹಣಿ ಕೈಗೆ ಸಿಗುತ್ತಿತ್ತು. ಅರ್ಜಿ ಬಂದ ಸರದಿಯಲ್ಲೇ ಖಾತೆ ಬದಲಾವಣೆ ಆಗಬೇಕು, ಹಿಂದಿನವರನ್ನು ಮುಂದೆ ತರುವಂತಿಲ್ಲ ಅನ್ನುವ ನಿಯಮವನ್ನು ತಂತ್ರಾಂಶದಲ್ಲೇ ಕೂರಿಸಿದರು. ನಮ್ಮ ಅಭಿಪ್ರಾಯದಲ್ಲಿ ಪಹಣಿ ಬೇಗ ಸಿಕ್ಕಿದ್ದಕ್ಕಿಂತ ಈ ಸರದಿಯ ನಿಯಮವೇ ದೊಡ್ಡದು. ಆದರೆ ಕೈಬರಹದ ತಪ್ಪು ಕಂಪ್ಯೂಟರಿಗೂ ಹಾಗೇ ಬಂತು. ‘ಹನುಮಂತಪ್ಪ’ ಒಂದು ಕಡೆ, ‘ಹನುಮಪ್ಪ’ ಇನ್ನೊಂದು ಕಡೆ. ಅದನ್ನು ತಿದ್ದಿಸಬೇಕಾದರೆ ಮತ್ತೆ ಹಳೆ ರುಮಾಲು ಬಿಚ್ಚಲೇಬೇಕು. ಆ ರುಮಾಲುಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಶುರುವಾಗಿದೆ.

ಇಷ್ಟರ ನಡುವೆ ಕುರುಗೋಡು. 2017ರ ಬಜೆಟ್‌ನಲ್ಲಿ ಹೊಸ ತಾಲ್ಲೂಕು ಅಂತ ಘೋಷಣೆಯಾಯಿತು. ಅದಕ್ಕೆ ಮೊದಲು ಅದು ಬಳ್ಳಾರಿ ತಾಲ್ಲೂಕಿನ ಹೋಬಳಿ. ಅಂದರೆ ನಿಮ್ಮ ಅಜ್ಜನ ಕಾಲದ ಕಾಗದದ ಮೇಲೆ ‘ಬಳ್ಳಾರಿ ತಾಲ್ಲೂಕು, ಕುರುಗೋಡು ಹೋಬಳಿ’ ಅಂತಲೇ ಇರುತ್ತದೆ. ಹಳೆ ಟಿಪ್ಪಣಿ, ಮ್ಯುಟೇಶನ್ ನಕಲು ಕೇಳುವಾಗ ಅರ್ಜಿಯಲ್ಲಿ ಎರಡೂ ವಿಳಾಸ ಬರೆಯಿರಿ. ‘ನಮ್ಮಲ್ಲಿ ಇಲ್ಲ’ ಅನ್ನುವ ಉತ್ತರಕ್ಕೆ ಅರ್ಧ ಕಾರಣ ಇದು. ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೂ ಇದೇ ಮಾತು. ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಅಂತಿದ್ದದ್ದು ‘ಬಳ್ಳಾರಿ’ ಆದದ್ದು 2014ರ ನವೆಂಬರ್ 1ರಂದು. ಹಳೆ ಪುಸ್ತಕಗಳಲ್ಲಿ ಕುರುಗೋಡು ‘ಕುರ್ಗೋಡ್’ ಆಗಿದೆ. ಹೊಸ ಸ್ಪೆಲಿಂಗ್ ಒಂದನ್ನೇ ಹಾಕಿದರೆ ಹಳೆಯದು ಬಹಳಷ್ಟು ತಪ್ಪಿಹೋಗುತ್ತದೆ.

ಸಿರುಗುಪ್ಪ ಕಡೆಯ ಒಂದು ಊರಿನಲ್ಲಿ ನಾವು ಕಂಡದ್ದು ಹೇಳುತ್ತೇವೆ. ಸಾಲ ತೀರಿಸಿ ಎಷ್ಟೋ ವರ್ಷ ಆಗಿದೆ, 11ನೇ ಕಾಲಂನಲ್ಲಿ ಬೋಜಾ ಹಾಗೇ ಇದೆ. ಭತ್ತದ ನಾಟಿ ಹೊತ್ತಿಗೆ ಹೊಸ ಸಾಲ ಬೇಕು. ತೀರುವಳಿ ಪತ್ರ ಎಲ್ಲಿ ಅಂದರೆ ಮಗ, ‘ವಾಟ್ಸಾಪ್‌ನಾಗ ಐತಿ ಅಣ್ಣಾ, ಹುಡುಕ್ತೀನಿ ತಡೀರಿ’ ಅಂದ. ಫೋನ್ ಬದಲಾಗಿತ್ತು. ಗ್ಯಾಲರಿಯಲ್ಲಿ ಮದುವೆ, ಜಾತ್ರೆ, ಟ್ರ್ಯಾಕ್ಟರ್, ಎಲ್ಲದಕ್ಕೂ ಬರೀ ತಾರೀಖು ಮತ್ತು ನಂಬರಿನ ಹೆಸರು. ಸಾವಿರಾರು ಫೋಟೋ, ಒಂದಕ್ಕೂ ಚೀಟಿ ಇಲ್ಲ. ತಂದೆ ಏನೂ ಮಾತಾಡಲಿಲ್ಲ, ಎದ್ದು ಹೋದರು.

ನಮ್ಮ ತಂಡದ ಫೈಲುಗಳು ಗೂಗಲ್ ಡ್ರೈವ್‌ನಲ್ಲಿವೆ. ಅಲ್ಲಿ ನಾವು ಅನುಸರಿಸುವುದು ಕರಣಂ ಚೀಟಿಯ ಕ್ರಮವನ್ನೇ. ತಾಲ್ಲೂಕಿಗೊಂದು ಫೋಲ್ಡರ್, ಅದರೊಳಗೆ ಊರು, ಅದರೊಳಗೆ ಸರ್ವೆ ನಂಬರ್. ಫೈಲಿನ ಹೆಸರಲ್ಲಿ ಊರು, ನಂಬರ್, ಕಾಗದದ ಜಾತಿ, ವರ್ಷ. ಉದಾಹರಣೆಗೆ ‘ತೆಕ್ಕಲಕೋಟೆ, ನಂಬರ್, ಪಹಣಿ, ವರ್ಷ’. ಅಚ್ಚಾದ ಅಕ್ಷರವನ್ನು ಡ್ರೈವ್ ತಾನೇ ಎಷ್ಟೋ ಮಟ್ಟಿಗೆ ಓದಿ ಹುಡುಕಿಕೊಡುತ್ತದೆ. ಕರಣಂ ಕೈಬರಹ, ಅದರಲ್ಲೂ ಕನ್ನಡ ತೆಲುಗು ಬೆರೆತದ್ದು, ಅದಕ್ಕೆ ದಕ್ಕುವುದಿಲ್ಲ. ಅಲ್ಲಿ ನಾವಿಟ್ಟ ಹೆಸರೇ ಗತಿ. ಕುರುಗೋಡು ಫೋಲ್ಡರಿನೊಳಗೆ ‘ಹಳೆಯವು ಬಳ್ಳಾರಿ ತಾಲ್ಲೂಕಿನಲ್ಲಿ ನೋಡಿ’ ಅಂತ ಒಂದು ಸಾಲಿನ ಫೈಲೂ ಇದೆ. ಹಂಚುವಾಗ ನೋಡಲು ಮಾತ್ರ ಬಿಡುತ್ತೇವೆ, ತಿದ್ದಲು ಬಿಡುವುದಿಲ್ಲ. ಆಧಾರ್, ಬ್ಯಾಂಕ್ ಪುಸ್ತಕ ಇರುವ ಫೋಟೋಗಳನ್ನು ಊರಿನ ಗ್ರೂಪಿಗೆ ಹಾಕಬೇಡಿ.

ನಿಮ್ಮ ಅಟ್ಟದಲ್ಲಿ ಕವಿಲೆಯೋ ರುಮಾಲೋ ಇದ್ದರೆ ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಹಾಕಬೇಡಿ. ಗಂಟು ಬಿಚ್ಚುವ ಮೊದಲು ಮೇಲಿನ ಚೀಟಿಯ ಫೋಟೋ ತೆಗೆಯಿರಿ. ಆಮೇಲೆ ಹಾಳೆ ಇದ್ದ ಕ್ರಮದಲ್ಲೇ ಒಂದೊಂದಾಗಿ ತೆಗೆಯಿರಿ, ಮತ್ತೆ ಅದೇ ಕ್ರಮದಲ್ಲಿ ಕಟ್ಟಿಡಿ.