ಹಣ ಊರಿಗೆ, ಜನ ಇಲ್ಲಿಗೆ

ಹೊರನಾಡಿನವರು ಊರಿಗೆ ಏನು ಮಾಡಿದಿರಿ ಎಂದು ನೀವು ಕೇಳುವುದುಂಟು. ಬ್ರಹ್ಮಕಲಶದ ದೇಣಿಗೆ, ಶಾಲೆಯ ಕಟ್ಟಡ, ದೈವಸ್ಥಾನದ ಜೀರ್ಣೋದ್ಧಾರ ಎಂದು ಡೊಂಬಿವಲಿಯ ನಾವು ಪಟ್ಟಿ ಕೊಡುತ್ತೇವೆ. ಪಟ್ಟಿ ಸುಳ್ಳಲ್ಲ. ಆದರೆ ಹೊಸ ಗುಡಿಯ ಸುತ್ತ ಬೀಗ ಹಾಕಿದ ಮನೆಗಳೂ ಇವೆಯಲ್ಲ! ಹಣ ಬಂದರೂ ಕರಾವಳಿಯ ಹಳ್ಳಿಗಳಲ್ಲಿ ಜನ ಯಾಕೆ ನಿಲ್ಲಲಿಲ್ಲ? ಉತ್ತರ ನನಗೆ ಕಂಡದ್ದು ಇಲ್ಲೇ ಪಕ್ಕದ ನವಿ ಮುಂಬಯಿಯ ಚರಿತ್ರೆಯಲ್ಲಿ.

1970ರಲ್ಲಿ ಸಿಡ್ಕೋ ಎಂಬ ಸರಕಾರಿ ಸಂಸ್ಥೆ ಹುಟ್ಟಿದಾಗ ಅಲ್ಲಿ ಇದ್ದದ್ದು ಭತ್ತದ ಗದ್ದೆ, ಉಪ್ಪಿನ ಆಗರ, ಮೀನುಗಾರರ ಹಳ್ಳಿಗಳು. ಇಂಥ 95 ಹಳ್ಳಿಗಳ ನೆಲದಲ್ಲಿ ಹೊಸ ನಗರ ಕಟ್ಟುವ ಯೋಜನೆ. ಮನೆ ಕಟ್ಟಿದ ಮಾತ್ರಕ್ಕೆ ಜನ ಓಡಿ ಬರಲಿಲ್ಲ. 1973ರಲ್ಲಿ ವಾಶಿಯ ಸೇತುವೆ ಆಯಿತು. ಠಾಣೆ–ಬೇಲಾಪುರ ರಸ್ತೆಯಲ್ಲಿ ಕಾರ್ಖಾನೆಗಳಿದ್ದವು. ಮುಂಬಯಿಯ ಸಗಟು ಮಾರುಕಟ್ಟೆಗಳು ಒಂದೊಂದಾಗಿ ವಾಶಿಗೆ ಬಂದವು. 1992ರಲ್ಲಿ ಲೋಕಲ್ ರೈಲೂ ಬಂತು. ಕೆಲಸ, ಸಂತೆ, ರೈಲು, ಶಾಲೆ ಕೂಡಿದ ಮೇಲೆ ಬಂದವರು ನಿಂತರು. ಅವರಲ್ಲಿ ನಮ್ಮವರೂ ಬಹಳ.

ಇದಕ್ಕೆ ಬೆಲೆ ತೆತ್ತವರು ಅಲ್ಲಿನ ಆಗರಿ, ಕೋಳಿ ಜನ. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ಮುಂದಾಳುತನದ ಹೋರಾಟದಲ್ಲಿ ಐವರು ಪೊಲೀಸರ ಗುಂಡಿಗೆ ಬಲಿಯಾದರು. ಜಮೀನು ಕಳಕೊಂಡವರಿಗೆ ಶೇ. 12.5 ಪಾಲಿನ ನಿವೇಶನ ಕೊಡುವ ನಿಯಮ ಆ ಹೋರಾಟದ ಫಲ. ಇದ್ದವರನ್ನು ಬಿಟ್ಟು ಬರುವವರಿಗಷ್ಟೇ ಊರು ಕಟ್ಟಲಾಗದು.

ನಮ್ಮ ಕರಾವಳಿಗೂ ರೈಲು ಬಂತು. ಮಂಗಳೂರಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಮುಖ್ಯ ಕಚೇರಿ ಇರುವುದೂ ಬೇಲಾಪುರದಲ್ಲೇ. 1998ರಲ್ಲಿ ಇಡೀ ದಾರಿ ತೆರೆಯಿತು. ಘಾಟಿ ಬಸ್ಸಿನ ಪ್ರಯಾಣದ ಆಯಾಸ ತಪ್ಪಿತು, ನಿಜ. ಆದರೆ ರೈಲು ಎರಡೂ ಕಡೆಗೆ ಓಡುತ್ತದೆ. ಊರಲ್ಲಿ ಕೆಲಸವಿಲ್ಲದಿದ್ದರೆ ಹೊರಡುವುದೂ ಅಷ್ಟೇ ಸುಲಭ.

ಊರಿಂದಾಗದು ಎನ್ನಬೇಡಿ. ಉಡುಪಿಯ ಮಗ್ಗುಲಿನ ಬೋಳುಗುಡ್ಡದಲ್ಲಿ ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಇಂದು ಮಣಿಪಾಲಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಓದು, ಆಸ್ಪತ್ರೆ, ಬ್ಯಾಂಕು ಒಟ್ಟಿಗೆ ಬೆಳೆದದ್ದರಿಂದ ಸುತ್ತಲಿನವರಿಗೂ ಊರಲ್ಲೇ ಸಂಬಳ ಸಿಕ್ಕಿತು.

ಬ್ರಹ್ಮಕಲಶಕ್ಕೆ ನಾವು ರಜೆ ಹಾಕಿ ಬರುತ್ತೇವೆ, ಮೂರನೇ ದಿನ ಹೊರಡುತ್ತೇವೆ. ಮುಂದಿನ ಸಲ ರಶೀದಿ ಪುಸ್ತಕ ಹಿಡಿದು ಡೊಂಬಿವಲಿಗೆ ಬರುವಾಗ, ಊರಿನ ನಾಲ್ಕು ಮಕ್ಕಳಿಗೆ ಅಲ್ಲೇ ಕೆಲಸವಾಗುವ ಒಂದು ಯೋಜನೆಯನ್ನೂ ತನ್ನಿ. ದೇಣಿಗೆ ಅದಕ್ಕೂ ಕೊಡುತ್ತೇವೆ.