ಪರಿಚಯ ಚಟುವಟಿಕೆಗಳು

ವೃತ್ತಿ, ವ್ಯಾಪಾರ, ಸಾಹಿತ್ಯ ಅಥವಾ ಸಮಾಜಕಾರ್ಯದ ನಿಮಿತ್ತ ಒಂದೆಡೆ ಸೇರಿದ ಅಪರಿಚಿತರು ಸಂಕೋಚ ಬಿಟ್ಟು ಪರಸ್ಪರ ಮಾತನಾಡುವಂತಾಗಲು ಸಂಘಟಕರು ಸಭೆಯ ಆರಂಭದಲ್ಲಿ ಏರ್ಪಡಿಸುವ ಸಣ್ಣ ಆಟ, ಪ್ರಶ್ನೋತ್ತರ ಅಥವಾ ಮಾತಿನ ಸುತ್ತಿಗೆ ಪರಿಚಯ ಚಟುವಟಿಕೆ ಎನ್ನಬಹುದು. ಕಚೇರಿ, ಕಾಲೇಜುಗಳಲ್ಲಿ ಇದಕ್ಕೆ ಐಸ್‌ಬ್ರೇಕರ್ ಎಂಬ ಹೆಸರೇ ರೂಢಿಯಲ್ಲಿದೆ. ಹೊಸಬರ ಎದುರು ಮೊದಲ ಮಾತನ್ನು ಯಾರು ಆಡಬೇಕು, ಏನೆಂದು ಆಡಬೇಕು ಎಂಬ ಹೊಣೆಯನ್ನು ವ್ಯಕ್ತಿಯ ಹೆಗಲಿನಿಂದ ಇಳಿಸಿ ಒಂದು ನಿಯಮಕ್ಕೆ ವಹಿಸುವುದೇ ಇದರ ತಿರುಳು. ಹಾಗೆ ವಹಿಸಿದಾಗ ನಾಚಿಕೆಯವರಿಗೂ ಸರದಿ ಸಿಗುತ್ತದೆ, ಮಾತುಗಾರರಿಗೂ ಒಂದು ಮಿತಿ ಬೀಳುತ್ತದೆ.

ಇಂಥ ಏರ್ಪಾಡು ಇಲ್ಲದಿದ್ದರೆ ಜನ ತಾವಾಗಿ ಬೆರೆಯುವುದು ಕಡಿಮೆ. ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸಬರ ಪರಿಚಯ ಮಾಡಿಕೊಳ್ಳುವ ಉದ್ದೇಶವನ್ನು ಮೊದಲೇ ಹೇಳಿಕೊಂಡಿದ್ದ ವ್ಯವಹಾರಸ್ಥರು ಕೂಡ ಕೂಟದಲ್ಲಿ ತಮಗೆ ಗೊತ್ತಿದ್ದವರ ಜೊತೆಯೇ ಹೆಚ್ಚು ಹೊತ್ತು ನಿಂತದ್ದು ಕಂಡುಬಂತು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿಕೊಟ್ಟಂತೆ, ಹೊಸ ಸುದ್ದಿ ಮತ್ತು ಹೊಸ ಅವಕಾಶಗಳು ಆಪ್ತರಿಗಿಂತ ಅಲ್ಪ ಪರಿಚಯದವರ ಮೂಲಕ ಬರುವುದೇ ಹೆಚ್ಚಾದ್ದರಿಂದ, ಗೊತ್ತಿದ್ದವರಲ್ಲೇ ಸುತ್ತುವ ಕೂಟ ತನ್ನ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ.

ಹೈದರಾಬಾದಿನ ಸುಲ್ತಾನ್ ಬಜಾರ್ ಈ ವಿಷಯದ ಅಧ್ಯಯನಕ್ಕೆ ಒಳ್ಳೆಯ ನೆಲೆ. ಮೂಸಿ ನದಿಯ ಉತ್ತರಕ್ಕೆ, ಬ್ರಿಟಿಷ್ ರೆಸಿಡೆನ್ಸಿಯ ಆಸುಪಾಸಿನಲ್ಲಿ ಬೆಳೆದ ಈ ಪೇಟೆಗೆ ಹಿಂದೆ ರೆಸಿಡೆನ್ಸಿ ಬಜಾರ್ ಎಂಬ ಹೆಸರಿತ್ತು. 1933ರಲ್ಲಿ ನಿಜಾಮರಿಗೆ ಮರಳುವವರೆಗೂ ಇದು ರೆಸಿಡೆಂಟರ ಆಡಳಿತದಲ್ಲಿದ್ದು, ಮಾರವಾಡಿ, ಗುಜರಾತಿ, ಮರಾಠಿ, ತೆಲುಗು, ಉರ್ದು ಮಾತನಾಡುವವರು ಒಂದೇ ಬೀದಿಯಲ್ಲಿ ವ್ಯವಹಾರ ನಡೆಸುತ್ತಿದ್ದರು. 1901ರಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ಗ್ರಂಥಾಲಯ ನೆಲೆನಿಂತದ್ದು ಇಲ್ಲಿಯೇ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದರಿಂದ, ಓದು, ವಕೀಲಿ, ನೌಕರಿಗಾಗಿ ರಾಜಧಾನಿಗೆ ಬಂದ ಕನ್ನಡಿಗರೂ ಈ ಭಾಗದಲ್ಲಿ ಓಡಾಡಿಕೊಂಡಿದ್ದರು. ಸಮೀಪದ ಕಾಚಿಗುಡದಲ್ಲಿರುವ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ವಿದ್ಯಾಸಂಸ್ಥೆ ಆ ನಂಟಿನ ಫಲಗಳು.

ಬಹುಭಾಷಿಕ ಸಭೆಯಲ್ಲಿ ಮಾತಿನ ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಪರಿಸರದಲ್ಲಿ ನಡೆದ ಘಟನೆಯೊಂದು ಸಾಕ್ಷಿಯಾಗಿದೆ. 1921ರ ನವೆಂಬರಿನಲ್ಲಿ ಸಮಾಜ ಸುಧಾರಕ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ವಿವೇಕವರ್ಧಿನಿ ವಿದ್ಯಾಸಂಸ್ಥೆಯ ಸಭಾಂಗಣದಲ್ಲಿ ಸಮಾಜ ಸುಧಾರಣಾ ಸಮ್ಮೇಳನ ಸೇರಿದಾಗ, ವಕೀಲರಾದ ಆಲಂಪಲ್ಲಿ ವೆಂಕಟರಾಮರಾವ್ ತೆಲುಗಿನಲ್ಲಿ ಮಾತನಾಡಲು ಎದ್ದರು. ಸಭಿಕರಲ್ಲಿ ಅನೇಕರು ಗದ್ದಲವೆಬ್ಬಿಸಿ ಅವರ ಭಾಷಣ ಸಾಗದಂತೆ ಮಾಡಿದರು. ಇದರಿಂದ ನೊಂದ ತೆಲುಗರು ಕೂಡಲೇ ಪ್ರತ್ಯೇಕವಾಗಿ ಸೇರಿ ಆಂಧ್ರ ಜನಸಂಘವನ್ನು ಕಟ್ಟಿದರು, ಅದು ಮುಂದೆ ಆಂಧ್ರ ಮಹಾಸಭೆಯಾಗಿ ಬೆಳೆದು 1930ರಲ್ಲಿ ಜೋಗಿಪೇಟೆಯಲ್ಲಿ ಮೊದಲ ಅಧಿವೇಶನ ನಡೆಸಿತು. ಸುಧಾರಣೆಗಾಗಿಯೇ ಕೂಡಿದ್ದ, ಓದುಬರಹ ಬಲ್ಲ ಜನ ಒಬ್ಬರ ನುಡಿಗೆ ಐದು ನಿಮಿಷ ಕಿವಿಗೊಡದೆ ಹೋದದ್ದು ಇಂದಿಗೂ ವಿಷಾದ ಹುಟ್ಟಿಸುವ ಸಂಗತಿ. ಪರಿಚಯ ಚಟುವಟಿಕೆಯನ್ನು ಕೇವಲ ಮನರಂಜನೆಯೆಂದು ಎಣಿಸುವವರು ಈ ಪ್ರಸಂಗವನ್ನು ನೆನೆಯುವುದು ಒಳಿತು.

ಹೊಸಬರಿಗೆ ಸರದಿ ಕೊಡುವ ವಿಧಿಗಳು ಈ ಸೀಮೆಯ ಸಂಪ್ರದಾಯದಲ್ಲೇ ಇವೆ. ಅವುಗಳಲ್ಲಿ ಉತ್ತರ ಕರ್ನಾಟಕದ ಒಡಪು ಅತ್ಯಂತ ಚೆಲುವಾದದ್ದು. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂಬ ರೂಢಿಯಿದ್ದ ಮನೆಗಳಲ್ಲಿ ಆ ಹೆಸರನ್ನು ಪ್ರಾಸಬದ್ಧವಾದ ಒಂದೆರಡು ಸಾಲಿನೊಳಗೆ ಸೇರಿಸಿ ಹೇಳುವುದಕ್ಕೆ ಒಡಪು ಹೇಳುವುದು ಎನ್ನುತ್ತಾರೆ. ಮದುವಣಗಿತ್ತಿ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದ ಹೊರತು ಒಳಗೆ ಬಿಡುವುದಿಲ್ಲವೆಂದು ಪಟ್ಟು ಹಿಡಿಯುತ್ತಾರೆ; ಅವಳು ತಲೆ ತಗ್ಗಿಸಿ, ಹೂವನ್ನೋ ಹಣ್ಣನ್ನೋ ಬೆಳ್ಳಿಯ ತಟ್ಟೆಯನ್ನೋ ಮೊದಲ ಸಾಲಿಗೆ ತಂದು, ಅದಕ್ಕೆ ಹೊಂದುವ ಎರಡನೆಯ ಸಾಲಿನಲ್ಲಿ ಹೆಸರನ್ನು ಇಟ್ಟುಬಿಟ್ಟ ಕೂಡಲೇ ನಗೆಯೇಳುತ್ತದೆ, ಬಾಗಿಲು ತೆರೆಯುತ್ತದೆ. ಪರಕೀಯಳಾಗಿ ನಿಂತಿದ್ದ ಹುಡುಗಿ ಇಡೀ ಮನೆಯವರ ಎದುರು ತನ್ನ ಮೊದಲ ಮಾತನ್ನು, ಅದೂ ಜಾಣ್ಮೆಯ ಮಾತನ್ನು, ಹೀಗೆ ಆಡಿಬಿಟ್ಟಿರುತ್ತಾಳೆ. ಮರಾಠಿಯ ಉಖಾಣೆಯೂ ಇದೇ ಬಗೆಯದಾದ್ದರಿಂದ ಎರಡೂ ಭಾಷೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಸೇರಿದಾಗ ಈ ಆಟ ಯಾರಿಗೂ ಹೊಸದೆನಿಸುವುದಿಲ್ಲ.

ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ, ದಸರೆಯಲ್ಲಿ ಬನ್ನಿ ಕೊಟ್ಟುಕೊಳ್ಳುವುದೂ ಇದೇ ಜಾತಿಯ ವಿಧಿ. ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು’ ಎಂಬ ಸಿದ್ಧ ಮಾತು ಇರುವುದರಿಂದ, ಮುನಿಸಿಕೊಂಡವರೂ ಮುಖಪರಿಚಯವಷ್ಟೇ ಇದ್ದವರೂ ಏನು ಹೇಳಲೆಂದು ತಡವರಿಸಬೇಕಾಗಿಲ್ಲ. ತೆಲಂಗಾಣದಲ್ಲಿಯೂ ಜಮ್ಮಿ ಎಂದು ಕರೆಯುವ ಬನ್ನಿಯ ಎಲೆಯನ್ನು ಬಂಗಾರವೆಂದೇ ಕೈಗಿಟ್ಟು ಅಪ್ಪಿಕೊಳ್ಳುತ್ತಾರೆ. ಈ ಆಲಿಂಗನಕ್ಕೆ ಅಲಯ್ ಬಲಯ್ ಎಂದು ಹೆಸರು. ರಾಜಕಾರಣಿ ಬಂಡಾರು ದತ್ತಾತ್ರೇಯ ಅವರು ಇದೇ ಹೆಸರಿನಲ್ಲಿ 2005ರಿಂದ ಹೈದರಾಬಾದಿನಲ್ಲಿ ದಸರಾ ಕೂಟವನ್ನು ನಡೆಸುತ್ತ ಬಂದಿದ್ದು, ಎದುರಾಳಿ ಪಕ್ಷಗಳ ನಾಯಕರೂ ಅಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ.

ಆಧುನಿಕ ರೂಪಗಳು ಹಲವು. ‘ಮೂರು ಭಾಷೆ ಬಲ್ಲವರು’, ‘ಸ್ವಂತ ಅಂಗಡಿ ಇರುವವರು’ ಎಂದೆಲ್ಲ ಮನೆ ಹಾಕಿದ ಚೀಟಿ ಹಿಡಿದು ಅಂಥವರನ್ನು ಹುಡುಕಿ ಸಹಿ ಪಡೆಯುವ ಬಿಂಗೊ, ಎರಡು ನಿಜ ಒಂದು ಸುಳ್ಳು ಹೇಳಿ ಸುಳ್ಳನ್ನು ಗುರುತಿಸಹೇಳುವ ಆಟ, ಗಂಟೆ ಬಾರಿಸಿದಾಗಲೆಲ್ಲ ಜೊತೆಗಾರರನ್ನು ಬದಲಿಸುವ ಸುತ್ತು ಮುಖ್ಯವಾದವು. 1924ರಲ್ಲಿ ಅಮೆರಿಕದಲ್ಲಿ ಆರಂಭವಾದ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯಲ್ಲಿ ಹೊಸ ಸದಸ್ಯರು ತಮ್ಮ ಕುರಿತು ನಾಲ್ಕರಿಂದ ಆರು ನಿಮಿಷ ಮಾಡುವ ಮೊದಲ ಭಾಷಣಕ್ಕೆ ಐಸ್‌ಬ್ರೇಕರ್ ಎಂದೇ ಹೆಸರು.

ಇವುಗಳನ್ನು ಇಲ್ಲಿ ಅಳವಡಿಸುವಾಗ ಎರಡು ಎಚ್ಚರ ಅಗತ್ಯ. ಹೈದರಾಬಾದಿನಂಥ ಊರಿನಲ್ಲಿ ಇಂಗ್ಲಿಷಿನಲ್ಲಷ್ಟೇ ನಡೆಸಿದ ಆಟ ಬಜಾರಿನ ವ್ಯಾಪಾರಿಯನ್ನು ಮೂಲೆಗೆ ತಳ್ಳುತ್ತದೆಯಾದ್ದರಿಂದ, ಪ್ರತಿಯೊಬ್ಬರೂ ತಮಗೆ ಒಗ್ಗುವ ನುಡಿಯಲ್ಲಿ ಆಡಬಹುದೆಂದು ಮೊದಲೇ ಸಾರಿ, ಅರ್ಥ ಹೇಳಲು ಪಕ್ಕದವರನ್ನೇ ಜೊತೆಗಾರರನ್ನಾಗಿ ಕೊಡಬೇಕು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಅಡ್ಡಹೆಸರೇನು, ಯಾವ ಊರು, ಯಾರ ಪೈಕಿ ಎಂಬ ಪ್ರಶ್ನೆಗಳು ನಮ್ಮಲ್ಲಿ ಬಹುಬೇಗ ಜಾತಿಯ ವಿಚಾರಣೆಯಾಗಿ ತಿರುಗುತ್ತವೆ, ಮತ್ತು ಉತ್ತರಿಸಲು ಹಿಂಜರಿಯುವವರು ಅಲ್ಲಿಯೇ ಮೌನವಾಗುತ್ತಾರೆ. ಕೈಯಲ್ಲಿರುವ ಕೆಲಸ, ಕಲಿಯಬೇಕೆಂದಿರುವ ವಿದ್ಯೆ, ಇತರರಿಗೆ ಮಾಡಿಕೊಡಬಲ್ಲ ಸಹಾಯ ಇವುಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಎಲ್ಲರೂ ಅಳುಕದೆ ಉತ್ತರಿಸಬಲ್ಲರಾದ್ದರಿಂದ, ಅವುಗಳಿಂದಲೇ ಸುತ್ತನ್ನು ಆರಂಭಿಸುವುದು ಸರಿ.