ಊರಿನ ಬಯಲು, ಶಾಲೆಯ ಅಂಗಳ



ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಮೂರು ತಾಣಗಳು ಎದುರಾಗುತ್ತವೆ: ದೇವಸ್ಥಾನ, ಅರಳಿಕಟ್ಟೆ ಮತ್ತು ಸರ್ಕಾರಿ ಪ್ರಾಥಮಿಕ ಶಾಲೆ. ದೇವಸ್ಥಾನಕ್ಕೆ ಸ್ಥಳಪುರಾಣವಿರುತ್ತದೆ, ಕೆಲವೊಮ್ಮೆ ಶಾಸನವೂ ಇರುತ್ತದೆ. ಅರಳಿಕಟ್ಟೆಯ ಕಥೆಯನ್ನು ಹೇಳಲು ಊರಿನ ಹಿರಿಯರಿದ್ದಾರೆ. ಶಾಲೆಯ ಚರಿತ್ರೆಯನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ನಿಮಗೆಲ್ಲ ಇತಿಹಾಸವನ್ನು ಬೋಧಿಸಿದ ನನಗೆ ಈ ಕೊರತೆ ಬಹಳ ದಿನಗಳಿಂದ ಕಾಡುತ್ತಿದೆ. ಅಕ್ಬರನ ಆಡಳಿತವನ್ನು ಬಾಯಿಪಾಠ ಮಾಡಿದ ನಾವು, ನಮಗೆ ಅಕ್ಷರ ಕಲಿಸಿದ ಅಂಗಳ ಹೇಗೆ ಹುಟ್ಟಿತೆಂದು ಕೇಳಿಕೊಳ್ಳಲೇ ಇಲ್ಲ.

ಆ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ತಿರುವಿಹಾಕಿದ ಮೇಲೆ ನನಗೆ ಒಂದು ಮಾತು ಸ್ಪಷ್ಟವಾಗಿದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಜಾತಿ, ಕೇರಿ, ಗಂಡು ಹೆಣ್ಣೆಂಬ ಭೇದಗಳನ್ನು ದಾಟಿ, ಪ್ರತಿಯೊಂದು ಮಗುವಿಗೂ ಹಕ್ಕಿನಿಂದ ಕಾಲಿಡಲು ದೊರೆತ ಮೊದಲ ಜಾಗವೆಂದರೆ ಶಾಲೆಯ ಅಂಗಳ. ಪುಸ್ತಕದ ಪಾಠಕ್ಕಿಂತ ದೊಡ್ಡ ಪಾಠ ಅದೇ ಆಗಿತ್ತು.

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ. ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠಗಳು. ದೇವಾಲಯದ ಕೈಸಾಲೆಯೋ, ಅನುಕೂಲಸ್ಥರ ಮನೆಯ ಜಗುಲಿಯೋ ಶಾಲೆ. ಐಗಳೇ ಗುರುಗಳು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಸ್ವಲ್ಪ ಪಳಗಿದ ಮೇಲೆ ಬಟ್ಟೆಗೆ ಕಪ್ಪು ಬಳಿದು ಮಡಿಸಿ ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಗ್ಗಿ, ಅಮರಕೋಶ, ಜೈಮಿನಿ ಭಾರತಗಳು ಕಂಠಪಾಠವಾಗಬೇಕಿತ್ತು. ಐಗಳಿಗೆ ಸಂಬಳವೆಂದರೆ ಬಹುಮಟ್ಟಿಗೆ ದವಸಧಾನ್ಯ. ಮಹಾನವಮಿ ಬಂದಾಗ ಮಕ್ಕಳು ಗುರುಗಳೊಡನೆ ಮನೆಮನೆಗೆ ಹೋಗಿ ಪದ ಹೇಳಿ, ದೊರೆತ ಕಾಣಿಕೆಯನ್ನು ಗುರುಗಳಿಗೆ ಒಪ್ಪಿಸುತ್ತಿದ್ದ ಪದ್ಧತಿಯೂ ಇತ್ತು. ಶಾಲೆಯನ್ನು ಊರೇ ಸಾಕುತ್ತಿತ್ತು ಎಂಬುದು ಸಂತೋಷದ ಸಂಗತಿ. ಆದರೆ ಆ ಜಗುಲಿ ಊರಿನ ಎಲ್ಲರದೂ ಆಗಿರಲಿಲ್ಲ. ಜಗುಲಿ ಹತ್ತುವ ಅಧಿಕಾರ ಯಾರಿಗಿತ್ತೋ ಅವರ ಮಕ್ಕಳಿಗೆ ಮಾತ್ರ ವಿದ್ಯೆ ದಕ್ಕುತ್ತಿತ್ತು. ಹೊಲಗೇರಿಯ ಮಗುವಿಗೆ ಅಲ್ಲಿ ಸ್ಥಳವಿರಲಿಲ್ಲ. ಹೆಣ್ಣುಮಕ್ಕಳು ಅಪರೂಪವಾಗಿದ್ದರು.

1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಶಾಸನಗಳ ಸಂಗ್ರಹಕ್ಕಾಗಿ ನಾವು ನೆನೆಯುವ ರೈಸ್ ಅವರೇ ಇವರು. ಹೋಬಳಿಗೊಂದು ಶಾಲೆ, ಅದಕ್ಕೆ ತರಬೇತಿ ಪಡೆದ ಉಪಾಧ್ಯಾಯರು ಎಂಬುದು ಆ ಯೋಜನೆಯ ತಿರುಳು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಜಾರಿಗೆ ಬಂದು ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು. ಅದೇ ದಶಕದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಸರ್ಕಾರಿ ಶಾಲೆಗಳಲ್ಲಿ ಪ್ರವೇಶ ಕೊಡಬೇಕೆಂದು ಸಂಸ್ಥಾನದ ಸರ್ಕಾರ ಆದೇಶ ಹೊರಡಿಸಿತು. ಇದರಿಂದ ಕುಪಿತರಾಗಿ ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ ಪೋಷಕರು ಸಂಸ್ಥಾನದಲ್ಲಿ ಇದ್ದರು. ಆದರೂ ಆದೇಶ ಹಿಂದೆ ಸರಿಯಲಿಲ್ಲ. ನಮ್ಮ ಹಳ್ಳಿಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಮತ್ತೊಂದಿಲ್ಲವೆಂದು ನಾನು ಭಾವಿಸುತ್ತೇನೆ. ಜಗುಲಿ ಯಾರದೋ ಮನೆಯದಾಗಿತ್ತು. ಸರ್ಕಾರಿ ಶಾಲೆಯ ಅಂಗಳ ಯಾರ ಮನೆಯದೂ ಅಲ್ಲದ ಕಾರಣ ಎಲ್ಲರದೂ ಆಗಲು ಸಾಧ್ಯವಾಯಿತು.

ಅದೇ ಕಾಲದಲ್ಲಿ ನಮ್ಮ ಸೀಮೆಯ ನೆಲವೂ ಬದಲಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ಇದನ್ನೇ ನಾವೀಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಹುರುಳಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಊರುಗಳು ಶಾಲೆಗೊಂದು ಕೊಠಡಿ ಕಟ್ಟಿಸಲು ಚಂದಾ ಎತ್ತುವಂತಾದವು. ಮತ್ತೊಂದು ಕಡೆ, ನಾಟಿ, ಕೊಯ್ಲು, ಆಲೆಮನೆಯ ದಿನಗಳಲ್ಲಿ ಮಕ್ಕಳನ್ನು ಗದ್ದೆಗೆ ಕರೆದೊಯ್ಯುವುದೂ ಹೆಚ್ಚಾಯಿತು. ಹಾಜರಿ ಪುಸ್ತಕವನ್ನು ನೋಡಿದರೆ ಬೆಳೆಯ ಕಾಲವನ್ನು ಹೇಳಬಹುದೆಂದು ನಮ್ಮ ಹಿರಿಯ ಉಪಾಧ್ಯಾಯರು ತಮಾಷೆ ಮಾಡುತ್ತಿದ್ದರು.

ಇನ್ನೊಂದು ವೈಚಿತ್ರ್ಯವನ್ನೂ ಹೇಳಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆಯಾಗಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆದರೆ 1960ರ ದಶಕದಲ್ಲಿ ನಾವು ಓದಿದ ಹಳ್ಳಿ ಶಾಲೆಯಲ್ಲಿ ಒಂದು ದೀಪವೂ ಇರಲಿಲ್ಲ. ಮೋಡ ಕವಿದ ದಿನ ಕೊಠಡಿಯೊಳಗೆ ಹಲಗೆ ಕಾಣುತ್ತಿರಲಿಲ್ಲ. ಆದ್ದರಿಂದ ಮೇಷ್ಟ್ರು ನಮ್ಮನ್ನು ಹೊಂಗೆಮರದ ಕೆಳಗೆ ಕೂರಿಸುತ್ತಿದ್ದರು.

ಮುಂದೆ ಬಿ.ಇಡ್. ತರಗತಿಯಲ್ಲಿ ರೂಸೋ, ಪೆಸ್ಟಾಲಜಿ, ಫ್ರೊಬೆಲ್ ಅವರ ಹೆಸರುಗಳನ್ನು ಓದಿದೆ. ಮಗು ಪ್ರಕೃತಿಯ ನಡುವೆ, ಕೈಯಾರೆ ಮಾಡುತ್ತ ಕಲಿಯಬೇಕೆಂದು ಅವರು ಸಾರಿದ್ದರು. ರವೀಂದ್ರನಾಥ ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದು ಮರದ ನೆರಳಿನಲ್ಲಿ ಪಾಠ ನಡೆಸಿದರು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮೂಲ ಶಿಕ್ಷಣದ ವಿಚಾರವನ್ನು ಮಂಡಿಸಿದರು. ನಮ್ಮ ಹಳ್ಳಿಯ ಮೇಷ್ಟ್ರುಗಳಲ್ಲಿ ಬಹುಮಂದಿ ಈ ಗ್ರಂಥಗಳನ್ನು ಕಂಡವರಲ್ಲ. ಕೊಠಡಿಯ ಅಭಾವವೇ ಅವರಿಗೆ ಶಿಕ್ಷಣಶಾಸ್ತ್ರವನ್ನು ಕಲಿಸಿತು.

ಆ ಕಲಿಕೆಯ ಬಗೆಯನ್ನು ನಿಮ್ಮಲ್ಲಿ ಕಿರಿಯರಾದವರಿಗೆ ಹೇಳಬೇಕು. ಹಲಗೆ ಮಂಕಾದರೆ ಕೆರೆ ಏರಿಯ ಪಕ್ಕದಿಂದ ಗರಗದ ಸೊಪ್ಪು ಕಿತ್ತು ತಂದು, ಇದ್ದಿಲಿನೊಡನೆ ಅರೆದು ಬಳಿಯುವುದು ದೊಡ್ಡ ತರಗತಿಯ ಹುಡುಗರ ಕೆಲಸ. ಅದರಿಂದ ಗರಗದ ಗಿಡವನ್ನು ಗುರುತಿಸುವುದನ್ನು ನಾವು ಎಂದೂ ಮರೆಯಲಿಲ್ಲ. ಶನಿವಾರ ಬೆಳಗಿನ ಶಾಲೆ. ಅಂದು ಅಂಗಳ ಗುಡಿಸಿ, ನೆಲಕ್ಕೆ ಸಗಣಿ ಸಾರಿಸಿ, ಕೈತೋಟಕ್ಕೆ ನೀರು ಹಾಕುತ್ತಿದ್ದೆವು. ಪರಂಗಿ, ನುಗ್ಗೆ, ಕರಿಬೇವು, ಬದನೆ ಬೆಳೆಯುತ್ತಿದ್ದವು. 1950ರಲ್ಲಿ ದೇಶದಾದ್ಯಂತ ಆರಂಭವಾದ ವನಮಹೋತ್ಸವದ ಹೆಸರಿನಲ್ಲಿ ಪ್ರತಿ ಮಳೆಗಾಲದಲ್ಲೂ ಗಿಡ ನೆಡುತ್ತಿದ್ದೆವು. ಗಿಡಕ್ಕೊಬ್ಬ ಹುಡುಗ ಜವಾಬ್ದಾರ. ಗಿಡ ಒಣಗಿದರೆ ಅವನು ಪ್ರಾರ್ಥನೆಯ ಸಾಲಿನಲ್ಲಿ ಎದ್ದುನಿಂತು ಕಾರಣ ಹೇಳಬೇಕಿತ್ತು.

ಲೆಕ್ಕದ ಪಾಠವೂ ಬಯಲಿನಲ್ಲೇ ನಡೆಯುತ್ತಿತ್ತು. ಮೂವತ್ತಮೂರು ಅಡಿ ಉದ್ದದ ಹಗ್ಗ ಹಿಡಿದು ಶಾಲೆಯ ಪಕ್ಕದ ಹೊಲದಲ್ಲಿ ಚೌಕ ಎಳೆದರೆ ಅದು ಒಂದು ಗುಂಟೆ: 1089 ಚದರ ಅಡಿ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಆ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ವರು ನಿಂತದ್ದರಿಂದ ಕ್ಷೇತ್ರಫಲವೆಂದರೇನೆಂದು ಮತ್ತೆ ಯಾರೂ ವಿವರಿಸಬೇಕಾಗಿ ಬರಲಿಲ್ಲ. ನಾಣ್ಯಗಳಲ್ಲಿ 1957ರಲ್ಲಿ ದಶಮಾಂಶ ಪದ್ಧತಿ ಬಂದು, ಮುಂದೆ ಅಳತೆ ತೂಕಗಳಲ್ಲೂ ಮೆಟ್ರಿಕ್ ಪದ್ಧತಿ ಜಾರಿಯಾಗಿತ್ತು. ಶಾಲೆಯಲ್ಲಿ ಲೀಟರು, ಮನೆಯಲ್ಲಿ ಸೇರು ಪಾವು. ಹೀಗೆ ಅಜ್ಜಿಗೆ ಹೊಸ ಲೆಕ್ಕ ಒಪ್ಪಿಸುವ ಮೊಮ್ಮಕ್ಕಳು ಮನೆಮನೆಯಲ್ಲೂ ಸಣ್ಣ ಮೇಷ್ಟ್ರುಗಳಾಗಿದ್ದರು.

ಚರಿತ್ರೆಯ ಪಾಠಕ್ಕೂ ನಮ್ಮ ಸೀಮೆಯಲ್ಲಿ ಬಯಲಿನ ಕೊರತೆಯಿಲ್ಲ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ, ಸಂಸ್ಥಾನದ ಸರ್ಕಾರದ ನಿಷೇಧವನ್ನು ಲೆಕ್ಕಿಸದೆ ಜನ ಸೇರಿ ಧ್ವಜ ಸತ್ಯಾಗ್ರಹ ನಡೆಸಿದರು. ಅಲ್ಲೀಗ ಸತ್ಯಾಗ್ರಹ ಸೌಧವಿದೆ. ನಿಮ್ಮಲ್ಲಿ ಹಲವರನ್ನು ನಾನು ಅಲ್ಲಿಗೆ ಕರೆದೊಯ್ದದ್ದು ನೆನಪಿರಬಹುದು. ಪುಸ್ತಕದಲ್ಲಿ ದಿಲ್ಲಿ, ದಂಡಿಗಳೆಂದು ಓದಿದ ಹೋರಾಟ ನಮ್ಮ ಬಸ್ಸು ದಿನವೂ ಹಾದುಹೋಗುವ ಜಾಗದಲ್ಲೂ ನಡೆದಿತ್ತೆಂದು ತಿಳಿದಾಗ ನಿಮ್ಮ ಕಣ್ಣುಗಳಲ್ಲಿ ಕಂಡ ಬೆರಗನ್ನು ಯಾವ ಪರೀಕ್ಷೆಯ ಅಂಕವೂ ತೋರಿಸಲಾರದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಮತ್ತೊಂದು ಉದಾಹರಣೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಹಕ್ಕಿಯ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತ, ಅವನ್ನು ಮನೆಯ ಹೆಣ್ಣುಮಕ್ಕಳು ಬಾಣಂತನಕ್ಕೆ ಬಂದಂತೆ ಕಾಣುತ್ತ ಬಂದವರು. ಅರಣ್ಯಾಧಿಕಾರಿ ಎಸ್. ಜಿ. ನೆಗಿನಹಾಳರು 1976ರಲ್ಲಿ ಈ ಊರಿನತ್ತ ಹೊರಗಿನವರ ಗಮನ ಸೆಳೆದರು. 1990ರ ದಶಕದಲ್ಲಿ ಹಳ್ಳಿಗರೇ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಕೆಲಸದಲ್ಲಿ ತೊಡಗಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಂಥ ಊರಿನಲ್ಲಿ ಬೆಳೆದ ಮಗುವಿಗೆ ಪರಿಸರ ಅಧ್ಯಯನವನ್ನು ಬೇರೆಯಾಗಿ ಕಲಿಸಬೇಕೇ?

ಎಲ್ಲರೂ ಒಂದೇ ಅಂಗಳಕ್ಕೆ ಬಂದರೂ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರೆಂದು ಹೇಳಲಾಗದು. ನಮ್ಮ ಕಾಲದಲ್ಲೂ ಕೆಲವು ಮಕ್ಕಳು ತಾವಾಗಿಯೇ ಹಿಂದೆ ಸರಿದು ಕೂರುತ್ತಿದ್ದರು. ಹಾಗೆ ಕೂರಬೇಕೆಂದು ಅವರಿಗೆ ಮನೆಯಲ್ಲೇ ಹೇಳಿ ಕಳಿಸಿರುತ್ತಿದ್ದರು. ಈ ಸಾಲನ್ನು ಅಲುಗಾಡಿಸಿದ್ದು ಎರಡು ಸಂಗತಿಗಳು: ಆಟ ಮತ್ತು ಊಟ. ಕಬಡ್ಡಿಯಲ್ಲಿ ಎದುರಾಳಿಯ ಕಾಲು ಹಿಡಿಯುವಾಗ ಯಾರೂ ಅವನ ಕೇರಿ ಕೇಳುವುದಿಲ್ಲ. ಚಿನ್ನಿದಾಂಡು, ಲಗೋರಿ, ಖೋ ಖೋ ಆಟಗಳಲ್ಲಿ ಚುರುಕು ಕಾಲಿನವನೇ ದೊಡ್ಡವನು. ಇನ್ನು ಊಟ. 1960ರ ದಶಕದಲ್ಲಿ ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟು, ಹಾಲಿನ ಪುಡಿ ನಮ್ಮ ಶಾಲೆಗಳಿಗೆ ಬಂದವು. ಆ ಉಪ್ಪಿಟ್ಟಿನ ವಾಸನೆಯನ್ನು ಮರೆತ ನನ್ನ ವಯಸ್ಸಿನವರು ಯಾರೂ ಇರಲಾರರು. ಮನೆಗಳಲ್ಲಿ ಅಸಾಧ್ಯವಾಗಿದ್ದ ಸಹಪಂಕ್ತಿ ಭೋಜನ ಶಾಲೆಯ ಅಂಗಳದಲ್ಲಿ ಸದ್ದಿಲ್ಲದೆ ನಡೆದುಹೋಯಿತು. ಮುಂದೆ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಗಿ, ಮರುವರ್ಷ ನಮ್ಮ ಕಡೆಗೂ ಬಂದಿತು. ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಊಟಕ್ಕೆ ಬಿಡದ ಪ್ರಸಂಗಗಳು ರಾಜ್ಯದ ಕೆಲವೆಡೆ ಈ ಶತಮಾನದಲ್ಲೂ ವರದಿಯಾಗಿವೆ. ಅಂದರೆ ಆ ಹಳೆಯ ಆದೇಶದ ಕೆಲಸ ಇನ್ನೂ ಮುಗಿದಿಲ್ಲ.

ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ಮಳೆ ಬಂದರೆ ಪಾಠವಿಲ್ಲ, ಒಬ್ಬರೇ ಮೇಷ್ಟ್ರಿಗೆ ನಾಲ್ಕು ತರಗತಿ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ. ಹುಣಸೆ ಬರಲಿನ ಪೆಟ್ಟಂತೂ ಸಾಮಾನ್ಯ. 1987ರ ಕಪ್ಪುಹಲಗೆ ಕಾರ್ಯಾಚರಣೆ, 2001ರಲ್ಲಿ ರೂಪುಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, 2009ರ ಶಿಕ್ಷಣ ಹಕ್ಕು ಕಾಯಿದೆ, ಇವುಗಳಿಂದ ಕೊಠಡಿ, ನೀರು, ಶಿಕ್ಷಕರು ದೊರೆತದ್ದು ದೊಡ್ಡ ಸಾಧನೆ.

ಆದರೆ ಕೊಠಡಿಗಳು ಬಂದ ಹೊತ್ತಿಗೆ ಮಕ್ಕಳು ಹೊರಟುಹೋಗತೊಡಗಿದರು. ಬೆಳಿಗ್ಗೆ ಹಳದಿ ವ್ಯಾನುಗಳು ಹಳ್ಳಿಹಳ್ಳಿಗೂ ಬಂದು ಮಕ್ಕಳನ್ನು ಪಟ್ಟಣದ ಆಂಗ್ಲಮಾಧ್ಯಮ ಶಾಲೆಗಳಿಗೆ ಒಯ್ಯುತ್ತವೆ. ಪೋಷಕರನ್ನು ನಾನು ದೂರಲಾರೆ. ತಮಗೆ ದೊರೆಯದ ಇಂಗ್ಲಿಷು ಮಕ್ಕಳಿಗೆ ದೊರೆಯಲಿ ಎಂಬ ಆಸೆ ನ್ಯಾಯವಾದದ್ದೇ. ಸರ್ಕಾರವೂ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲಮಾಧ್ಯಮ ವಿಭಾಗಗಳನ್ನು ತೆರೆಯಿತು. ಆದರೂ ಹತ್ತಾರು ಮಕ್ಕಳು ಉಳಿದಿರುವ ಶಾಲೆಗಳನ್ನು ಪಕ್ಕದೂರಿನ ಶಾಲೆಯೊಡನೆ ಸೇರಿಸುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಉಳಿದ ಆ ಮಕ್ಕಳು ಯಾರವರು? ವ್ಯಾನಿನ ಶುಲ್ಕ ಕಟ್ಟಲಾಗದವರ ಮಕ್ಕಳು. ಒಂದೇ ಅಂಗಳದಲ್ಲಿ ಕೂಡಿ ಆಡಿದ ಊರು ಈಗ ಶುಲ್ಕದ ಲೆಕ್ಕದಲ್ಲಿ ಮತ್ತೆ ಕೇರಿಕೇರಿಯಾಗಿ ಒಡೆಯುತ್ತಿದೆ. ನನ್ನ ಆತಂಕ ಇಷ್ಟೇ: ಜಗುಲಿಯಿಂದ ಅಂಗಳಕ್ಕೆ ಇಳಿದು ಬರಲು ನಮಗೆ ಇಷ್ಟೊಂದು ಕಾಲ ಹಿಡಿಯಿತು, ಮತ್ತೆ ಜಗುಲಿ ಹತ್ತಲು ಒಂದು ತಲೆಮಾರು ಸಾಕು.

ಹಾಗಾದರೆ ನಾವೇನು ಮಾಡಬಹುದು? ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ ಇದ್ದೀರಿ. ಹಬ್ಬಕ್ಕೆ ಊರಿಗೆ ಬಂದಾಗ ಹತ್ತು ನಿಮಿಷ ನಿಮ್ಮ ಪ್ರಾಥಮಿಕ ಶಾಲೆಗೆ ಹೋಗಿಬನ್ನಿ. ಬಣ್ಣ, ಬೆಂಚು, ಕಂಪ್ಯೂಟರು ಕೊಡಿಸುವುದು ಆಮೇಲಿನ ಮಾತು. ಮೊದಲು ಮುಖ್ಯೋಪಾಧ್ಯಾಯರನ್ನು ಕೇಳಿ ಹಳೆಯ ದಾಖಲಾತಿ ಪುಸ್ತಕವನ್ನು ನೋಡಿ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿದ ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತೆಂದು ತೀರ್ಮಾನಿಸಿ, ಮೇಷ್ಟ್ರೇ ಅಂದಾಜಿನ ಜನ್ಮದಿನಾಂಕವನ್ನು ಬರೆದಿರುತ್ತಾರೆ. ನನ್ನ ಜನ್ಮದಿನವೂ ಅಂಥದೇ ಒಂದು ಕೃಪೆ. ಆ ಪುಟಗಳಲ್ಲಿ ಗೌಡರ ಮಗನ ಹೆಸರಿನ ಕೆಳಗೇ ಅವರ ಹೊಲದಲ್ಲಿ ಜೀತಕ್ಕಿದ್ದವನ ಮಗನ ಹೆಸರು ಇರಬಹುದು. ಮೊದಲ ಬಾರಿಗೆ ಶಾಲೆಗೆ ಬಂದ ಹೆಣ್ಣುಮಗುವಿನ ಹೆಸರು ಯಾವ ವರ್ಷದಲ್ಲಿದೆ, ಹೊಲಗೇರಿಯಿಂದ ಬಂದ ಮೊದಲ ಮಗು ಯಾರು, ಅವರು ಎಷ್ಟನೆಯ ತರಗತಿಯವರೆಗೆ ಓದಿದರು ಎಂಬುದನ್ನೆಲ್ಲ ಆ ಪುಸ್ತಕವೊಂದೇ ಹೇಳಬಲ್ಲದು.

ಒಂದು ಶಾಲೆ ಇನ್ನೊಂದರಲ್ಲಿ ವಿಲೀನವಾದಾಗ ಇಂಥ ಪುಸ್ತಕಗಳು ಗೆದ್ದಲಿಗೆ ಆಹಾರವಾಗಬಾರದು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಹಳೆಯ ಪುಟಗಳ ಪ್ರತಿ ತೆಗೆದು ಶಾಲೆಯಲ್ಲೇ ಭದ್ರವಾಗಿ ಇರಿಸಲು ನೆರವಾಗಿ. ಜೊತೆಗೆ, ನಿಮ್ಮ ಊರಿನ ಶಾಲೆ ಯಾವ ಜಾಗದಲ್ಲಿ ಶುರುವಾಯಿತು, ಆ ನಿವೇಶನವನ್ನು ಯಾರು ದಾನ ಕೊಟ್ಟರು, ಅಂಗಳದ ಮರವನ್ನು ಯಾರು ನೆಟ್ಟರು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಪುಟದಷ್ಟಾದರೂ ಬರೆದು ನನಗೆ ಕಳಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದುವ ಅಭ್ಯಾಸ ನನಗಿನ್ನೂ ಹೋಗಿಲ್ಲ.